ಮರೆವಿನ ಕಾಯಿಲೆ ಮತ್ತು ಕಾನೂನು: ರೋಗಿಯ ಹಕ್ಕು, ಕುಟುಂಬದ ಹೊಣೆ

ಅಲ್ಝೈಮರ್ ಎಂಬುದು ಮೆದುಳಿನ ನರಕೋಶಗಳು ಕ್ರಮೇಣ ನಾಶವಾಗಿ, ಮೊದಲು ಇತ್ತೀಚಿನ ನೆನಪು, ಆಮೇಲೆ ಹಣಕಾಸಿನ ಲೆಕ್ಕ, ಮಾತು, ದಾರಿಯ ಗುರುತು, ಕೊನೆಗೆ ಹೆತ್ತ ಮಕ್ಕಳ ಮುಖದ ಪರಿಚಯವೂ ಅಳಿಸಿಹೋಗುವ ಕಾಯಿಲೆಯಾಗಿದ್ದು, ಇದನ್ನು ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ 1906ರಲ್ಲಿ ಮೊದಲ ಬಾರಿಗೆ ವಿವರಿಸಿದರು. ಬುದ್ಧಿಶಕ್ತಿ ಹೀಗೆ ಕುಂದುವ ಕಾಯಿಲೆಗಳ ಗುಂಪಿಗೆ ಡಿಮೆನ್ಷಿಯಾ ಎಂಬ ಹೆಸರಿದ್ದು, ಅವುಗಳಲ್ಲಿ ಅತಿ ಹೆಚ್ಚಾಗಿ ಕಾಣುವುದು ಅಲ್ಝೈಮರ್. ಭಾರತದಲ್ಲಿ 60 ವರ್ಷ ಮೀರಿದವರ ಪೈಕಿ ಶೇ 7.4 ಮಂದಿ, ಅಂದರೆ ಸುಮಾರು 88 ಲಕ್ಷ ಜನ ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದ್ದು, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಈ ಪ್ರಮಾಣ ಹೆಚ್ಚೆಂದು ಹೇಳಿದೆ. ಆದುದರಿಂದ ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯಂಥ ಊರುಗಳಲ್ಲಿ ವಯಸ್ಸಾದವರ ಮರೆವನ್ನು ಅರಳು ಮರಳು ಎಂದು ಕೈಬಿಡುವುದು ವೈದ್ಯಕೀಯವಾಗಿಯೂ ಕಾನೂನಿನ ದೃಷ್ಟಿಯಿಂದಲೂ ಅಪಾಯಕರ. ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ ಹಾಗೂ ಖಿನ್ನತೆಯಿಂದಲೂ ಇಂಥದೇ ಲಕ್ಷಣಗಳು ಕಾಣಿಸಿಕೊಳ್ಳಬಹುದಾಗಿದ್ದು, ಅವು ಬಹುಮಟ್ಟಿಗೆ ಚಿಕಿತ್ಸೆಗೆ ಬಗ್ಗುತ್ತವೆ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ತಪಾಸಣೆ ಮಾಡಿಸಿ ಪಡೆದ, ದಿನಾಂಕ ನಮೂದಾದ ವೈದ್ಯರ ಬರಹವು ಚಿಕಿತ್ಸೆಗೆ ಆಧಾರವಾಗುವಂತೆಯೇ ಮುಂದೆ ನ್ಯಾಯಾಲಯದಲ್ಲಿ ರೋಗಿಯ ಸ್ಥಿತಿಯನ್ನು ತೋರಿಸುವ ಮೊದಲ ದಾಖಲೆಯೂ ಆಗುತ್ತದೆ.

ರೋಗ ಪತ್ತೆಯಾದ ದಿನವೇ ವ್ಯಕ್ತಿಯ ಹಕ್ಕುಗಳು ಮುಗಿದುಹೋಗುತ್ತವೆಂಬ ತಿಳಿವಳಿಕೆ ತಪ್ಪು. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ವಿವೇಚನೆ ಹಾಗೂ ನಡವಳಿಕೆಯನ್ನು ತೀವ್ರವಾಗಿ ಕೆಡಿಸುವ ನೆನಪಿನ ದೋಷವನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿರುವುದರಿಂದ ಡಿಮೆನ್ಷಿಯಾ ರೋಗಿಗೂ ಅದರ ರಕ್ಷಣೆ ಸಲ್ಲುತ್ತದೆ. ಸಕ್ಷಮ ನ್ಯಾಯಾಲಯವು ಘೋಷಿಸದ ಹೊರತು, ಕಾಯಿಲೆಯ ಕಾರಣವೊಂದರಿಂದಲೇ ಯಾರನ್ನೂ ಅಸ್ವಸ್ಥಚಿತ್ತರೆಂದು ಎಣಿಸುವಂತಿಲ್ಲ ಎಂದು ಇದೇ ಕಾಯ್ದೆಯ 3ನೇ ಕಲಂ ಹೇಳುತ್ತದೆ. 5ನೇ ಕಲಮಿನ ಪ್ರಕಾರ ತನಗೆ ಮುಂದೆ ಯಾವ ಬಗೆಯ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ವ್ಯಕ್ತಿಯು ಮೊದಲೇ ಬರೆದಿಡಬಹುದು. ಇದಕ್ಕೆ ಮುಂಗಡ ನಿರ್ದೇಶನ ಎನ್ನುತ್ತಾರೆ. 14ನೇ ಕಲಮಿನಡಿ ತನ್ನ ಪರವಾಗಿ ಚಿಕಿತ್ಸೆಯ ವಿಚಾರದಲ್ಲಿ ನೆರವಾಗುವ ನಾಮನಿರ್ದೇಶಿತ ಪ್ರತಿನಿಧಿಯನ್ನೂ ನೇಮಿಸಿಕೊಳ್ಳಬಹುದಾಗಿದ್ದು, ಆ ಪ್ರತಿನಿಧಿಯ ಅಧಿಕಾರ ಚಿಕಿತ್ಸೆಗಷ್ಟೇ ಸೀಮಿತವೇ ಹೊರತು ಹೊಲ, ಮನೆ, ಬ್ಯಾಂಕ್ ಖಾತೆಗಳಿಗೆ ಅದು ಚಾಚುವುದಿಲ್ಲ.

ಕುಟುಂಬಗಳು ಹೆಚ್ಚು ಎಡವುವುದು ಆಸ್ತಿಯ ವಿಚಾರದಲ್ಲಿ. ಕರಾರು ಮಾಡುವವನು ಆ ಹೊತ್ತಿಗೆ ಅದರ ಅರ್ಥವನ್ನೂ ತನ್ನ ಹಿತದ ಮೇಲೆ ಅದರಿಂದಾಗುವ ಪರಿಣಾಮವನ್ನೂ ಗ್ರಹಿಸಬಲ್ಲವನಾಗಿರಬೇಕು ಎಂಬುದು 1872ರ ಭಾರತೀಯ ಕರಾರು ಕಾಯ್ದೆಯ 12ನೇ ಕಲಮಿನ ನಿಯಮ. ಸಾಮಾನ್ಯವಾಗಿ ಅಸ್ವಸ್ಥಚಿತ್ತನಾಗಿರುವವನೂ ಚಿತ್ತ ಸ್ವಸ್ಥವಾಗಿರುವ ಅವಧಿಯಲ್ಲಿ ಕರಾರು ಮಾಡಬಹುದೆಂದು ಅದೇ ಕಲಂ ಒಪ್ಪುತ್ತದೆ. ಹಾಗಾಗಿ ಕಾಯಿಲೆಯ ಆರಂಭದ ಹಂತದಲ್ಲಿ, ತಿಳಿದು ಮಾಡಿದ ಖರೀದಿ ಪತ್ರವಾಗಲಿ ವಾಟ್ನಿ ಪತ್ರವಾಗಲಿ ಸಿಂಧುವಾಗಿಯೇ ಉಳಿಯುತ್ತದೆ. ಏನೂ ತಿಳಿಯದ ಹಂತದಲ್ಲಿ ಹಿಡಿದು ಒತ್ತಿಸಿದ ಹೆಬ್ಬೆಟ್ಟು ಒಪ್ಪಿಗೆಯಾಗುವುದಿಲ್ಲ. ವಯಸ್ಸು ಅಥವಾ ಕಾಯಿಲೆಯಿಂದ ಮನಸ್ಸಿನ ಶಕ್ತಿ ಕುಂದಿದವರೊಂದಿಗೆ ವ್ಯವಹರಿಸುವವನನ್ನು 16ನೇ ಕಲಂ ಅವರ ಮೇಲೆ ಪ್ರಭಾವ ಬೀರಬಲ್ಲ ಸ್ಥಾನದಲ್ಲಿರುವವನೆಂದೇ ಪರಿಗಣಿಸುತ್ತದೆ. ಅಂಥ ವ್ಯವಹಾರವು ಅನ್ಯಾಯದ್ದೆಂದು ಕಂಡುಬಂದರೆ, ಅನುಚಿತ ಪ್ರಭಾವ ನಡೆದಿಲ್ಲವೆಂದು ರುಜುವಾತುಪಡಿಸುವ ಹೊಣೆ ಲಾಭ ಪಡೆದವನ ಮೇಲೆಯೇ ಬೀಳುತ್ತದೆ. ಬರೆದುಕೊಟ್ಟವರು ಬುದ್ಧಿಭ್ರಮಣೆಗೊಳಗಾದವರೆಂದು ತೋರಿದರೆ ಪತ್ರವನ್ನು ನೋಂದಾಯಿಸಲು ನಿರಾಕರಿಸಬೇಕೆಂದು 1908ರ ನೋಂದಣಿ ಕಾಯ್ದೆಯ 35ನೇ ಕಲಂ ಉಪನೋಂದಣಾಧಿಕಾರಿಗೆ ವಿಧಿಸಿದೆ.

ಇಲ್ಲಿ ಬಹಳ ಮಂದಿಗೆ ತಿಳಿಯದ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ತಂದೆ ಚೆನ್ನಾಗಿದ್ದಾಗ ಮಗನ ಹೆಸರಿಗೆ ಪವರ್ ಆಫ್ ಅಟಾರ್ನಿ, ಅಂದರೆ ಮುಖ್ತ್ಯಾರ ಪತ್ರ ಬರೆದುಕೊಟ್ಟಿದ್ದರೆ ಮುಂದಿನ ಚಿಂತೆಯಿಲ್ಲವೆಂದು ಕುಟುಂಬಗಳು ನಂಬಿರುತ್ತವೆ. ಆದರೆ ಅಧಿಕಾರ ಕೊಟ್ಟವರು ಅಸ್ವಸ್ಥಚಿತ್ತರಾದೊಡನೆ ಅಂಥ ಅಧಿಕಾರ ಕೊನೆಗೊಳ್ಳುತ್ತದೆಂದು ಕರಾರು ಕಾಯ್ದೆಯ 201ನೇ ಕಲಂ ಹೇಳುವುದರಿಂದ, ಆ ಪತ್ರ ಯಾವಾಗ ಅತ್ಯಗತ್ಯವೋ ಆಗಲೇ ನಿರುಪಯುಕ್ತವಾಗುತ್ತದೆ. ಕೆಲವು ದೇಶಗಳಲ್ಲಿ ಕಾಯಿಲೆಯ ನಂತರವೂ ಉಳಿಯುವ ಮುಖ್ತ್ಯಾರ ಪತ್ರಕ್ಕೆ ಕಾನೂನಿನ ಮಾನ್ಯತೆಯಿದ್ದು, ಭಾರತದಲ್ಲಿ ಅದಿಲ್ಲದಿರುವುದು ದೊಡ್ಡ ಕೊರತೆಯೇ ಸರಿ. ಮೃತ್ಯುಪತ್ರಕ್ಕೆ ಮಾತ್ರ ಈ ತೊಡಕಿಲ್ಲ: 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 59 ಮತ್ತು 63ನೇ ಕಲಮುಗಳಂತೆ ಸ್ವಸ್ಥಚಿತ್ತದಲ್ಲಿ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಬರೆದ ಮೃತ್ಯುಪತ್ರವು ಆಮೇಲೆ ನೆನಪು ಅಳಿದರೂ ಉಳಿಯುತ್ತದೆ. ಅದೇ ದಿನ ವೈದ್ಯರಿಂದ ಮನಃಸ್ಥಿತಿಯ ಪ್ರಮಾಣಪತ್ರ ಪಡೆದಿಡುವುದು ಕಡ್ಡಾಯವಲ್ಲದಿದ್ದರೂ ಮುಂದಿನ ವ್ಯಾಜ್ಯವನ್ನು ಬಹುಮಟ್ಟಿಗೆ ತಡೆಯಬಲ್ಲದು.

ಸಮಯ ಮೀರಿದ ಮೇಲೆ ಉಳಿಯುವ ದಾರಿ ಪಾಲಕತ್ವದ್ದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಹಾಗೂ ಬಹುವಿಧ ಅಂಗವೈಕಲ್ಯಗಳಿಗಷ್ಟೇ ಅನ್ವಯಿಸುವುದರಿಂದ ಅದರಡಿ ಅಲ್ಝೈಮರ್ ರೋಗಿಗೆ ಪಾಲಕರನ್ನು ಕೇಳಲಾಗದು. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಕಲಮಿನಡಿ ಜಿಲ್ಲಾ ನ್ಯಾಯಾಲಯವು ಸೀಮಿತ ಪಾಲಕರನ್ನು ನೇಮಿಸಬಹುದು. ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಅವಧಿಗೆ, ರೋಗಿಯ ಇಚ್ಛೆಯನ್ನು ಅನುಸರಿಸಿ ಅವರೊಡನೆ ಸೇರಿ ತೀರ್ಮಾನ ಕೈಗೊಳ್ಳುವವರೇ ಸೀಮಿತ ಪಾಲಕರು. ಪ್ರಜ್ಞೆ ಕಳೆದುಕೊಂಡು ಮಲಗಿದ ರೋಗಿಗಳಿಗೆ ಪಾಲಕರನ್ನು ನೇಮಿಸಲು ನೇರ ಕಾನೂನಿಲ್ಲದ ಕೊರತೆಯನ್ನು ಗುರುತಿಸಿದ ಕೇರಳ ಹೈಕೋರ್ಟ್, 2019ರ ಶೋಭಾ ಗೋಪಾಲಕೃಷ್ಣನ್ ಪ್ರಕರಣದಲ್ಲಿ ಸಂವಿಧಾನದ 226ನೇ ವಿಧಿಯಡಿ ಪಾಲಕರನ್ನು ನೇಮಿಸುವ ಮಾರ್ಗಸೂಚಿಗಳನ್ನು ರೂಪಿಸಿತು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಹಿರಿಯರ ನೆನಪಿಗೆ ಇನ್ನೊಂದು ಕಾನೂನಾತ್ಮಕ ಬೆಲೆಯಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ವಾಸಿಸಿದ್ದನ್ನು ತೋರಿಸಬೇಕಾಗಿದ್ದು, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದನ್ನು ಪುರಾವೆಯಾಗಿ ನಿಯಮಗಳು ಒಪ್ಪುತ್ತವೆ. ಆ ಹಿರಿಯರಲ್ಲಿ ಮರೆವು ಕಾಣಿಸಿಕೊಂಡರೆ ಇಡೀ ಕೇರಿಯ ಪುರಾವೆಗೆ ಧಕ್ಕೆ ಬರುವುದರಿಂದ, ಅವರು ಸ್ಪಷ್ಟವಾಗಿ ಹೇಳಬಲ್ಲ ದಿನಗಳಲ್ಲೇ ಹೇಳಿಕೆಯನ್ನು ದಾಖಲಿಸಿಕೊಳ್ಳುವುದು ಅರಣ್ಯ ಹಕ್ಕು ಸಮಿತಿಗಳ ತುರ್ತು ಕೆಲಸವಾಗಬೇಕು. ಈ ಕಾಯ್ದೆಯಡಿ ದೊರೆತ ಹಕ್ಕು ವಾರಸುದಾರರಿಗೆ ಸಾಗುತ್ತದೆಯೇ ಹೊರತು ಅದನ್ನು ಮಾರಲಾಗಲಿ ಪರರಿಗೆ ವರ್ಗಾಯಿಸಲಾಗಲಿ ಬಾರದಾದ್ದರಿಂದ, ಮರೆವಿನ ಹಿರಿಯರಿಂದ ಅದನ್ನು ಯಾರೂ ಬರೆಸಿಕೊಳ್ಳುವಂತಿಲ್ಲ.

ದಾರಿ ತಪ್ಪಿ ಅಲೆಯುವುದು ಈ ಕಾಯಿಲೆಯ ಸಾಮಾನ್ಯ ಲಕ್ಷಣ. ಹೀಗೆ ಅಲೆಯುವ, ತಮ್ಮನ್ನು ತಾವು ನೋಡಿಕೊಳ್ಳಲಾರದ ವ್ಯಕ್ತಿಯನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್‌ನಲ್ಲಿ ಇಡಕೂಡದು, ಕಾಣೆಯಾದವರ ಬಗ್ಗೆ ಎಫ್‌ಐಆರ್ ದಾಖಲಿಸಿ ಕುಟುಂಬವನ್ನು ಹುಡುಕಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಠಾಣಾಧಿಕಾರಿಗೆ ಕರ್ತವ್ಯ ವಿಧಿಸಿದೆ. ಮನೆಯವರೂ ದಿನಗಟ್ಟಲೆ ಕಾಯದೆ 112ಕ್ಕೆ ಕರೆ ಮಾಡಬೇಕು.

ಆರೈಕೆಯ ಭಾರದ ಬಗ್ಗೆಯೂ ಕಾನೂನು ಮಾತಾಡುತ್ತದೆ, ಆದರೆ ಅರ್ಧ ಮಾತ್ರ. 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು ಮಕ್ಕಳು, ಮೊಮ್ಮಕ್ಕಳ ಮೇಲೆ ಪೋಷಣೆಯ ಹೊಣೆ ಹೊರಿಸಿದ್ದು, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುತ್ತದೆ. ಹಿರಿಯರೇ ಅರ್ಜಿ ಹಾಕಲಾರದ ಸ್ಥಿತಿಯಲ್ಲಿ ಅವರಿಂದ ಅಧಿಕಾರ ಪಡೆದ ವ್ಯಕ್ತಿ ಅಥವಾ ಸಂಸ್ಥೆ ಅರ್ಜಿ ಹಾಕಬಹುದು, ನ್ಯಾಯಮಂಡಳಿ ತಾನಾಗಿಯೂ ಪ್ರಕರಣ ಕೈಗೆತ್ತಿಕೊಳ್ಳಬಹುದು. ಮುಂಡಗೋಡ ತಾಲ್ಲೂಕಿನವರಿಗೆ ಆ ನ್ಯಾಯಮಂಡಳಿ ಶಿರಸಿಯ ಉಪವಿಭಾಗಾಧಿಕಾರಿಗಳದ್ದು. ಹಿರಿಯರನ್ನು ತೊರೆದು ಹೋದವರಿಗೆ ಮೂರು ತಿಂಗಳವರೆಗಿನ ಸೆರೆ ಅಥವಾ 5,000 ರೂಪಾಯಿವರೆಗಿನ ದಂಡ ಇಲ್ಲವೇ ಎರಡೂ ಇದೆ. ಆಸ್ತಿಯನ್ನು ಬಕ್ಷೀಸು ಪತ್ರದ ಮೂಲಕ ಕೊಡುವವರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿ ತಪ್ಪದೆ ಬರೆಸಬೇಕು. 23ನೇ ಕಲಮಿನಡಿ ಅದನ್ನು ರದ್ದುಪಡಿಸಲು ಅಂಥ ಷರತ್ತು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿದೆ. ಇಷ್ಟಾಗಿಯೂ, ರಾತ್ರಿ ನಿದ್ದೆಗೆಟ್ಟು ರೋಗಿಯನ್ನು ನಿಜವಾಗಿ ನೋಡಿಕೊಳ್ಳುವ ಹೆಂಡತಿ ಅಥವಾ ಸೊಸೆಯ ದುಡಿಮೆಯನ್ನು ಈ ಕಾಯ್ದೆ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆ ದುಡಿಮೆಗೆ ಮನೆಯ ಉಳಿದವರು ಹೆಗಲು ಕೊಡದಿದ್ದರೆ ಅದರ ಕಷ್ಟ ಕೊನೆಗೆ ರೋಗಿಗೇ ತಟ್ಟುತ್ತದೆ.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು 1987ರ ಕಾನೂನು ಸೇವೆಗಳ ಕಾಯ್ದೆಯಡಿ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರಾಗಿದ್ದು, 2017ರ ಕಾಯ್ದೆಯ ಹಕ್ಕುಗಳನ್ನು ಚಲಾಯಿಸಲು ರೋಗಿಗಳಿಗೂ ಉಚಿತ ನೆರವು ಸಿಗುತ್ತದೆ. ಚಿಗಳ್ಳಿ ಮತ್ತು ಸುತ್ತಲಿನ ಊರುಗಳವರು ಪತ್ರ ಬರೆಸುವ ಮೊದಲೇ ಮುಂಡಗೋಡದ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬೇಕು, ಅಥವಾ ಕಾನೂನು ಸಲಹೆಗೆ 15100, ಹಿರಿಯ ನಾಗರಿಕರ ನೆರವಿಗೆ 14567, ಮಾನಸಿಕ ಆರೋಗ್ಯದ ಸಲಹೆಗೆ 14416 ಸಂಖ್ಯೆಗೆ ಕರೆ ಮಾಡಬೇಕು.