ಓಡುವ ನಕ್ಷತ್ರಗಳೂ ಅವುಗಳ ವಯಸ್ಸೂ

ಪ್ರಶ್ನೆ: ಹತ್ತನೇ ತರಗತಿಯ ನನ್ನ ಮಗ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ್ದಾನೆ. ಒಂದು ನಕ್ಷತ್ರ ನಮ್ಮ ಸೂರ್ಯನ ಕಡೆಗೇ ಬರುತ್ತಿದೆಯಂತೆ. ರಾತ್ರಿ ಸರಿಯಾಗಿ ಮಲಗುತ್ತಿಲ್ಲ. ಏನು ಹೇಳಲಿ?
– ತಾಯಿಯೊಬ್ಬರು, ಕಾಮೋಠೆ

ಮಗನ ಭಯ ಸಹಜವಾದದ್ದೇ. ಅವನನ್ನು ಗದರಬೇಡಿ. ವಿಡಿಯೋದಲ್ಲಿ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಅದರಲ್ಲಿ ಕಾಲ ಮತ್ತು ದೂರದ ಲೆಕ್ಕ ಬಿಟ್ಟುಹೋಗಿದೆ, ಅಷ್ಟೆ.

ಅವನು ಕೇಳಿರುವುದು ಬಹುಶಃ ಗ್ಲೀಸ 710 ಎಂಬ ನಕ್ಷತ್ರದ ಬಗ್ಗೆ. ಅದು ಈಗ 60 ಜ್ಯೋತಿರ್ವರ್ಷಕ್ಕಿಂತ (ಜ್ಯೋತಿರ್ವರ್ಷ: ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ) ತುಸು ಹೆಚ್ಚು ದೂರದಲ್ಲಿದೆ. ನಮ್ಮ ಹತ್ತಿರ ಹಾದುಹೋಗುವುದು ಸುಮಾರು 13 ಲಕ್ಷ ವರ್ಷಗಳ ನಂತರ. ಆಗಲೂ ಭೂಮಿಗೂ ಸೂರ್ಯನಿಗೂ ಇರುವ ದೂರದ ಹತ್ತು ಸಾವಿರ ಪಟ್ಟಿನಷ್ಟು ಆಚೆಯೇ ಇರುತ್ತದೆ. ಹೊರಗಿನ ಧೂಮಕೇತುಗಳು ಒಂದಿಷ್ಟು ಕದಲಬಹುದು, ಡಿಕ್ಕಿಯ ಮಾತಿಲ್ಲ. ಈ ಅಂಕಿಗಳನ್ನು ಮಗನ ಕೈಯಿಂದಲೇ ಕಾಗದದ ಮೇಲೆ ಬರೆಸಿ. 13 ಲಕ್ಷಕ್ಕೆ ಎಷ್ಟು ಸೊನ್ನೆ ಎಂದು ಎಣಿಸುವಷ್ಟರಲ್ಲಿ ಅರ್ಧ ಭಯ ಇಳಿದಿರುತ್ತದೆ.

ಪ್ರಶ್ನೆ: ನಕ್ಷತ್ರದ ಓಟ ನೋಡಿ ಅದರ ವಯಸ್ಸು ಹೇಳುತ್ತಾರೆಂದು ಓದಿದೆ. ಇದು ಕೈ ನೋಡಿ ಭವಿಷ್ಯ ಹೇಳಿದಂತೆ ಅಲ್ಲವೇ? ಅದರ ಸುತ್ತ ಇರುವ ಗ್ರಹಗಳ ವಯಸ್ಸೂ ಹೀಗೆಯೇ ತಿಳಿಯುತ್ತದೆಯೇ?
– ನಿವೃತ್ತ ಶಿಕ್ಷಕರು, ಡೊಂಬಿವಲಿ

ನಿಮ್ಮ ಅನುಮಾನ ಒಳ್ಳೆಯದೇ ಸರ್. ಒಂದೇ ಒಂದು ನಕ್ಷತ್ರದ ಓಟ ನೋಡಿ ಯಾರಾದರೂ ವಯಸ್ಸು ಹೇಳಿದರೆ ನಂಬಬೇಡಿ. ಆದರೆ ನೂರಾರು ನಕ್ಷತ್ರಗಳ ಗುಂಪಾದರೆ ಮಾತು ಬೇರೆ.

ಮಾನಸರೋವರ ಸ್ಟೇಷನ್ನಿನಲ್ಲಿ ಒಂದು ಗುಂಪು ಒಟ್ಟಿಗೆ ಲೋಕಲ್ ಹತ್ತುತ್ತದೆ ಎನ್ನಿ. ವಾಶಿ, ಕುರ್ಲಾ ದಾಟುವಷ್ಟರಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಒಬ್ಬರು ಬಾಗಿಲ ಬಳಿ, ಇನ್ನೊಬ್ಬರು ಮೂಲೆಯಲ್ಲಿ. ಒಬ್ಬರನ್ನೇ ನೋಡಿದರೆ ಎಲ್ಲಿ ಹತ್ತಿದರೆಂದು ತಿಳಿಯದು. ಗುಂಪು ಎಷ್ಟು ಚದುರಿದೆ ಎಂದು ನೋಡಿದರೆ ಎಷ್ಟು ದೂರದಿಂದ ಬಂದಿದ್ದಾರೆಂದು ಅಂದಾಜಿಸಬಹುದು. ನಕ್ಷತ್ರಗಳೂ ಹುಟ್ಟುವಾಗ ಆಕಾಶಗಂಗೆಯ ತೆಳು ತಟ್ಟೆಯೊಳಗೆ ಶಿಸ್ತಾಗಿ ಸುತ್ತುತ್ತವೆ. ಆಮೇಲೆ ದೈತ್ಯ ಅನಿಲ ಮೋಡಗಳ ಮತ್ತು ಸುರುಳಿ ತೋಳುಗಳ ಸೆಳೆತಕ್ಕೆ ಸಿಕ್ಕಿ ಮೇಲೆ ಕೆಳಗೆ, ಅಡ್ಡಾದಿಡ್ಡಿ ಚಲಿಸತೊಡಗುತ್ತವೆ. ಗುಂಪಿನ ವೇಗ ಪ್ರಸರಣ (ಒಂದಕ್ಕೊಂದು ವೇಗದಲ್ಲಿರುವ ಏರುಪೇರು) ಹೆಚ್ಚಿದ್ದಷ್ಟೂ ಅದು ಹಳೆಯದು. ಈ ವೇಗಗಳನ್ನು ನಿಖರವಾಗಿ ಅಳೆದುಕೊಟ್ಟದ್ದು 2013ರಲ್ಲಿ ಹಾರಿದ ಯುರೋಪಿನ ಗಾಯಾ ಉಪಗ್ರಹ.

ಗ್ರಹಗಳು ತಮ್ಮ ನಕ್ಷತ್ರ ಹುಟ್ಟಿದ ಕೆಲವು ಕೋಟಿ ವರ್ಷಗಳೊಳಗೇ ರೂಪುಗೊಳ್ಳುತ್ತವೆ. ನೂರಾರು ಕೋಟಿ ವರ್ಷಗಳ ಲೆಕ್ಕದಲ್ಲಿ ಅದು ಏನೂ ಅಲ್ಲ, ಆದ್ದರಿಂದ ನಕ್ಷತ್ರದ ವಯಸ್ಸೇ ಗ್ರಹದ ವಯಸ್ಸು.

ನನ್ನ ಮಟ್ಟಿಗೆ ಇದರ ಸೊಗಸೆಲ್ಲ ಮುಂದಿದೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಸಂಶೋಧಕರು ಓಟದಿಂದಲೂ ರಾಸಾಯನಿಕ ಅಂಶಗಳಿಂದಲೂ ಲೆಕ್ಕ ಹಾಕಿ ನೋಡಿದರು. ಗುರುವಿನಂಥ ದೈತ್ಯ ಗ್ರಹಗಳಿರುವ ನಕ್ಷತ್ರಗಳು, ಸಣ್ಣ ಗ್ರಹಗಳಷ್ಟೇ ಇರುವ ನಕ್ಷತ್ರಗಳಿಗಿಂತ ಸರಾಸರಿಯಲ್ಲಿ ಚಿಕ್ಕ ವಯಸ್ಸಿನವು! ದೈತ್ಯ ಗ್ರಹಕ್ಕೆ ದೊಡ್ಡ ತಿರುಳು ಬೇಗ ಕಟ್ಟಬೇಕು, ಏಕೆಂದರೆ ಸುತ್ತಲಿನ ಅನಿಲ ಸುಮಾರು ಒಂದು ಕೋಟಿ ವರ್ಷದೊಳಗೆ ಚದುರಿಹೋಗುತ್ತದೆ. ತಿರುಳಿಗೆ ಬೇಕಾದ ಕಬ್ಬಿಣ, ಸಿಲಿಕಾನ್‌ಗಳನ್ನು ಹಿಂದಿನ ತಲೆಮಾರಿನ ನಕ್ಷತ್ರಗಳು ಬೇಯಿಸಿ ಬಿಟ್ಟುಹೋಗಿರಬೇಕು. ಆಕಾಶಗಂಗೆಗೆ ಆ ದಾಸ್ತಾನು ಕೂಡಿಸಲು ಬಹುಕಾಲ ಹಿಡಿಯಿತು.

ಸಣ್ಣ ಗ್ರಹಗಳಿಗೆ ಅಷ್ಟು ಬೇಕಿಲ್ಲ. ಕೆಪ್ಲರ್-444 ಎಂಬ ನಕ್ಷತ್ರಕ್ಕೆ ಸುಮಾರು 1,120 ಕೋಟಿ ವರ್ಷ; ನಮ್ಮ ಸೂರ್ಯನಿಗೆ 460 ಕೋಟಿ. ಅದರ ಸುತ್ತ ಭೂಮಿಗಿಂತ ಚಿಕ್ಕವಾದ ಐದು ಗ್ರಹಗಳಿವೆ. ಈ ವಯಸ್ಸನ್ನು ಅದರ ಮೈಯ ಕಂಪನಗಳಿಂದ ಅಳೆದರು, ಅದರ ಓಟವೂ ಹಳೆಯ ಕುಲದ್ದೇ.

ಪ್ರಶ್ನೆ: ಮೊನ್ನೆ ನಮ್ಮ ಮದುವೆಯಲ್ಲಿ ಪುರೋಹಿತರು ಅರುಂಧತಿ ತೋರಿಸಿದರು. ನಕ್ಷತ್ರಗಳೆಲ್ಲ ಓಡುತ್ತಿದ್ದರೆ ವಸಿಷ್ಠ–ಅರುಂಧತಿಯರೂ ದೂರವಾಗುತ್ತಾರೆಯೇ?
– ನವವಧು, ಕಾಮೋಠೆ

ಸಂತೋಷದ ಪ್ರಶ್ನೆ, ಚಿಂತೆ ಬೇಡ. ಸಪ್ತರ್ಷಿಗಳಲ್ಲಿ ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ ಐವರೂ ಒಂದೇ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ ಸಾಗುತ್ತಿದ್ದಾರೆ. ಅರುಂಧತಿಯೂ ಅದೇ ಬಳಗದವಳು. ಇವರೆಲ್ಲ ಸುಮಾರು 40 ಕೋಟಿ ವರ್ಷಗಳ ಹಿಂದೆ ಒಟ್ಟಿಗೆ ಹುಟ್ಟಿದವರು. ಬೇರೆ ದಾರಿ ಹಿಡಿದವರು ಕ್ರತು ಮತ್ತು ಮರೀಚಿ. ಹಾಗಾಗಿ ಲಕ್ಷ ವರ್ಷಗಳಲ್ಲಿ ಸಪ್ತರ್ಷಿಯ ಆಕಾರ ಬದಲಾದೀತು, ನಿಮ್ಮ ಜೋಡಿ ಜೊತೆಯಲ್ಲೇ ನಡೆಯುತ್ತದೆ.

ಇದೇ ಬಳಗದ ಇನ್ನೊಂದು ನಕ್ಷತ್ರ ಮಿಥುನ ರಾಶಿಯ ಕಡೆ ಇದೆ, ಹೆಸರು ಎಚ್‌ಡಿ 63433. ಅದಕ್ಕೆ ಮೂರು ಗ್ರಹಗಳು. ಭೂಮಿಯಷ್ಟೇ ಗಾತ್ರದ ಮೂರನೆಯದು 2024ರಲ್ಲಿ ಪ್ರಕಟವಾಯಿತು. ನಾಲ್ಕು ದಿನಕ್ಕೊಮ್ಮೆ ಸುತ್ತು ಹಾಕುವ ಕಾದ ಕೆಂಡದಂಥ ಲೋಕ ಅದು. ಅದರ ವಯಸ್ಸು 40 ಕೋಟಿ ವರ್ಷ ಎಂದು ಧೈರ್ಯವಾಗಿ ಹೇಳಲು ಆಗುವುದು ಅದರ ಬಳಗ ಗೊತ್ತಿರುವುದರಿಂದಲೇ.

ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಉತ್ತರಕ್ಕೆ ಮುಖಮಾಡಿ ಟೆರೇಸಿನಲ್ಲಿ ನಿಲ್ಲಿ. ಸಯನ್–ಪನ್ವೇಲ್ ಹೆದ್ದಾರಿಯ ದೀಪಗಳ ನಡುವೆ ವಸಿಷ್ಠ ಕಂಡಾನು, ಅರುಂಧತಿಗೆ ಬೈನಾಕ್ಯುಲರ್ ಬೇಕಾದೀತು.