ಡಬ್ಬಿ ಓದಿ ಟ್ಯಾಬ್ ಕೊಳ್ಳೋಣ



ಟ್ಯಾಬ್ ಅಂದರೆ ಏನು? ನೀವು ನೋಡಿದ್ದೀರಿ. ಶಾಲೆಯ ಪಾಟಿಯಷ್ಟು ಅಗಲ ಇರುತ್ತದೆ. ಫೋನಿಗಿಂತ ದೊಡ್ಡದು, ಟಿ.ವಿ.ಗಿಂತ ಸಣ್ಣದು. ಬೆರಳು ಮುಟ್ಟಿಸಿದರೆ ತೆರೆಯುತ್ತದೆ. ಅದರಲ್ಲಿ ಪುಸ್ತಕ ಓದಬಹುದು. ದೂರದ ಗುರುಗಳ ಪಾಠ ಕೇಳಬಹುದು. ಸಿನೆಮಾನೂ ನೋಡಬಹುದು, ಆಟಾನೂ ಆಡಬಹುದು. ಅದೇ ತಾಪತ್ರಯ.

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೆ ಹಾನಗಲ್ಲ ಕಡೆಯ ಒಬ್ಬ ಅಕ್ಕ ಬಂದರು. ಪುಸ್ತಕ ತೆರೆಯಲಿಲ್ಲ. ಸುಮ್ಮನೆ ಕುಳಿತರು. ಆಮೇಲೆ ಕೇಳಿದರು: “ಟೀಚರ್, ಮಗಳು ಹತ್ತನೇ ಕ್ಲಾಸ್ ಅದಾಳ. ಟ್ಯಾಬ್ ಬೇಕಂತಾಳ. ಕಿವಿಯಾಗಿನ ಬೆಂಡ್ವಾಲಿ ಅಡಾ ಇಡ್ಲೇನು?”

ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಬೇಡ ಅಂದರೆ ಮಗಳ ಓದು. ಹೂಂ ಅಂದರೆ ತಾಯಿಯ ಬಂಗಾರ. ಮರುದಿನ ಎಲ್ಲರೂ ಸುತ್ತ ಕುಳಿತು ಮಾತಾಡಿದೆವು. ಸವಣೂರ, ಶಿಗ್ಗಾಂವಿ, ಹಿರೇಕೆರೂರ ಕಡೆಯ ಕೇಂದ್ರಗಳ ಗೆಳತಿಯರನ್ನೂ ಕೇಳಿದೆವು. ಎಲ್ಲ ಕಡೆ ಇದೇ ಪ್ರಶ್ನೆ ಇತ್ತು. ಆ ಮಾತುಗಳೇ ಈ ಪಾಠ.

ಈ ಪ್ರಶ್ನೆ ನಮ್ಮ ಮನೆಗಳಿಗೆ ಬಂದದ್ದು 2020ರಲ್ಲಿ. ಆ ವರ್ಷ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದಿಂದ ಶಾಲೆಗಳ ಬಾಗಿಲು ಮುಚ್ಚಿದವು. ಜುಲೈ ತಿಂಗಳಲ್ಲಿ ಚಂದನ ಟಿ.ವಿ.ಯಲ್ಲಿ ದೊಡ್ಡ ಕ್ಲಾಸಿನ ಮಕ್ಕಳಿಗೆ ಪಾಠ ಶುರುವಾಯಿತು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಗುರುಗಳೇ ಊರಿಗೆ ಬಂದು ಗುಡಿ ಕಟ್ಟೆಯ ಮೇಲೆ, ಮರದ ಕೆಳಗೆ ಪಾಠ ಮಾಡಿದರು. ಆಗ ನಾವು ಮಕ್ಕಳನ್ನು ಪಟ್ಟಿ ಮಾಡಬೇಕಿತ್ತು. ಫೋನೇ ಇಲ್ಲದವರು ಒಂದು ಕಡೆ. ಸಾದಾ ಫೋನ್ ಇದ್ದವರು ಒಂದು ಕಡೆ. ಇಂಟರ್ನೆಟ್ ಫೋನ್ ಇದ್ದವರು ಇನ್ನೊಂದು ಕಡೆ. ಪಟ್ಟಿ ಬರೆಯುವಾಗ ಕೈ ನಡುಗುತ್ತಿತ್ತು. ಒಂದೇ ಕ್ಲಾಸು, ಒಂದೇ ಊರು, ಮೂರು ಸಾಲು.

ನಮ್ಮ ನೆರೆಯ ಗದಗ ಜಿಲ್ಲೆಯಲ್ಲಿ ಆ ವರ್ಷ ಒಬ್ಬ ತಾಯಿ ತಾಳಿ ಅಡವಿಟ್ಟು ಟಿ.ವಿ. ತಂದರು. ಮಕ್ಕಳು ಚಂದನದ ಪಾಠ ನೋಡಲಿ ಅಂತ. ಅದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಯಿತು. ಸುದ್ದಿ ಆದ ಮೇಲೆ ಜನ ನೆರವಿಗೆ ಬಂದರು. ಆದರೆ ಎಲ್ಲರ ತಾಳಿಯೂ ಪತ್ರಿಕೆಯಲ್ಲಿ ಬರುವುದಿಲ್ಲ, ತಂಗಿ.

ಈಗ ಶಾಲೆಗಳು ತೆರೆದಿವೆ. ಗುರುಗಳು ಎದುರಿಗೇ ಇದ್ದಾರೆ. ಹಾಗಾದರೆ ಟ್ಯಾಬ್ ಯಾಕೆ ಬೇಕು? ಮೊದಲು ಇದನ್ನು ಮಗುವಿಗೆ ಕೇಳ್ರಿ. “ಯಾವ ಪಾಠಕ್ಕ ಬೇಕವಾ? ತೋರ್ಸು” ಅನ್ರಿ. ಆಮೇಲೆ ಶಾಲೆಗೆ ಹೋಗಿ ಗುರುಗಳನ್ನೂ ಕೇಳ್ರಿ. ಎರಡೂ ಉತ್ತರ ಕೂಡಿ ಬಂದರೆ ಮುಂದಿನ ಮಾತು.

ಒಂದರಿಂದ ಐದನೆಯ ಕ್ಲಾಸಿನ ಮಕ್ಕಳಿಗೆ ಟ್ಯಾಬ್ ಬೇಡ ಅಂತ ನಾವು ಹೇಳುತ್ತೇವೆ. ಅವರ ಕೈಗೆ ಪುಸ್ತಕ, ಪಾಟಿ, ಮಣ್ಣು, ಬೀಜ ಕೊಡ್ರಿ. ಇನ್ನೂ ಸಣ್ಣ ಕೂಸುಗಳಿಗಂತೂ ಬೇಡವೇ ಬೇಡ. ಎರಡು ವರ್ಷದ ಒಳಗಿನ ಕೂಸಿಗೆ ಪರದೆ ತೋರಿಸಲೇಬಾರದು ಅಂತ ನಮ್ಮ ದೇಶದ ಮಕ್ಕಳ ಡಾಕ್ಟರರ ಸಂಘ ಹೇಳಿದೆ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ. ಅದೂ ದೊಡ್ಡವರು ಜೊತೆಗೆ ಕುಳಿತು. ಊಟ ಮಾಡಲಿ ಅಂತ ಫೋನ್ ಹಿಡಿದು ತೋರಿಸುತ್ತೇವಲ್ಲ, ಅದನ್ನು ಬಿಡಬೇಕು.

ಎಂಟು, ಒಂಬತ್ತು, ಹತ್ತು ಮತ್ತು ಕಾಲೇಜಿನ ಮಕ್ಕಳಿಗೆ ಟ್ಯಾಬ್ ಉಪಯೋಗ ಆಗಬಹುದು. ಸರ್ಕಾರಿ ಪಠ್ಯಪುಸ್ತಕದಲ್ಲಿ ಪಾಠದ ಪಕ್ಕ ಒಂದು ಕಪ್ಪು ಚೌಕ ಇರುತ್ತದೆ. ಒಳಗೆ ಇರುವೆ ಸಾಲಿನ ಹಾಗೆ ಚುಕ್ಕೆ. ಅದಕ್ಕೆ ಕ್ಯೂಆರ್ ಕೋಡ್ ಅನ್ನುತ್ತಾರೆ. ‘ದೀಕ್ಷಾ’ ಅನ್ನುವ ಆ್ಯಪ್‌ನಲ್ಲಿ ಅದನ್ನು ತೋರಿಸಿದರೆ ಪಾಠದ ವಿಡಿಯೋ ತೆರೆಯುತ್ತದೆ. ದುಡ್ಡು ಕೊಡಬೇಕಿಲ್ಲ. ಆದರೆ ಇದು ಮನೆಯ ಫೋನಿನಲ್ಲೂ ಆಗುತ್ತದೆ. ಒಂದು ವಾರ ಫೋನಿನಲ್ಲೇ ನೋಡಲಿ. ನೋಡುತ್ತಾಳೋ, ಆಟ ಆಡುತ್ತಾಳೋ, ನಿಮಗೇ ಗೊತ್ತಾಗುತ್ತದೆ.

ಪಂಚಾಯಿತಿ ಗ್ರಂಥಾಲಯಕ್ಕೂ ಒಮ್ಮೆ ಹೋಗಿ ಬರ್ರಿ. ಈಗ ಅದಕ್ಕೆ ‘ಅರಿವು ಕೇಂದ್ರ’ ಅಂತ ಬೋರ್ಡು ಇರುತ್ತದೆ. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಅಂತ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡರು. ಎಷ್ಟೋ ಕಡೆ ಕಂಪ್ಯೂಟರ್ ಬಂದಿವೆ. ಕಾಲೇಜಿನ ಮಕ್ಕಳಿದ್ದರೆ ಕಾಲೇಜಿನಲ್ಲಿ ವಿಚಾರಿಸಿರಿ. 2021ರ ಜೂನ್‌ನಲ್ಲಿ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಸರ್ಕಾರವೇ ಟ್ಯಾಬ್ ಹಂಚಲು ಶುರು ಮಾಡಿತ್ತು. ಕೇಳಿದರೆ ಕಳೆದುಕೊಳ್ಳುವುದೇನಿದೆ?

ಇನ್ನು ಅಂಗಡಿಗೆ ಹೋಗುವ ಮಾತು. ಇಲ್ಲಿ ನಮ್ಮದೇ ಒಂದು ತಪ್ಪು ಹೇಳುತ್ತೇವೆ. 2020ರ ಮಳೆಗಾಲದಲ್ಲಿ ನಾವು ಪಾಠದ ಕೆಲಸಕ್ಕೆ ಅಂತ ಒಂದು ಟ್ಯಾಬ್ ತಂದೆವು. ಅಗ್ಗ ಇತ್ತು. ಬಣ್ಣ ಚೆನ್ನಾಗಿತ್ತು. ಅಂಗಡಿಯವರು ಹಾಳೆಯ ಚೂರಿನಲ್ಲಿ ರೊಕ್ಕ ಬರೆದುಕೊಟ್ಟರು. ಮನೆಗೆ ಬಂದು ನೋಡಿದರೆ ಸಿಮ್ ಹಾಕುವ ಸಂದೇ ಇಲ್ಲ! ವಿಡಿಯೋ ಹಚ್ಚಿದರೆ ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ವಾಪಸ್ ಒಯ್ದರೆ “ಬಿಲ್ ಎಲ್ಲಿ?” ಅಂದರು. ಡಬ್ಬಿಯ ಮೇಲೆ ಎಲ್ಲವೂ ಬರೆದಿತ್ತು. ನಮಗೆ ಓದು ಬರುತ್ತಿತ್ತು. ಓದಲಿಲ್ಲ.

ಅದಕ್ಕೇ ಡಬ್ಬಿ ಓದುವುದನ್ನು ಕಲಿಯೋಣ. ಅಕ್ಷರ ಇಂಗ್ಲಿಷ್ ಇರುತ್ತವೆ. ಹೆದರಬೇಡ್ರಿ. ಬಸ್ಸಿನ ನಂಬರು, ಫೋನಿನ ನಂಬರು ಓದುತ್ತೀರಲ್ಲ, ಅವೇ ಅಂಕಿ ಇಲ್ಲಿಯೂ ಇವೆ.

ಮೊದಲು ಎರಡು ಅಂಕಿ ಹುಡುಕಿರಿ. 4 ಮತ್ತು 64 ಅಂತಲೋ, 2 ಮತ್ತು 32 ಅಂತಲೋ ಇರುತ್ತವೆ. ಪಕ್ಕದಲ್ಲಿ ಜಿಬಿ ಅಂತ ಇರುತ್ತದೆ. ಜಿಬಿ ಅನ್ನುವುದು ಒಂದು ಅಳತೆ. ಸೇರು, ಪಾವು ಇದ್ದ ಹಾಗೆ. ಸಣ್ಣ ಅಂಕಿಗೆ ರ‍್ಯಾಮ್ ಅನ್ನುತ್ತಾರೆ. ಅದು ರೊಟ್ಟಿ ಬಡಿಯುವ ಹಲಗೆ ಇದ್ದ ಹಾಗೆ. ಹಲಗೆ ಸಣ್ಣದಿದ್ದರೆ ಕೆಲಸ ಸಾಗುವುದಿಲ್ಲ. ದೊಡ್ಡ ಅಂಕಿ ನಮ್ಮ ಹಗೇವು ಇದ್ದ ಹಾಗೆ. ಪುಸ್ತಕ, ವಿಡಿಯೋ ಎಲ್ಲ ತುಂಬಿ ಇಡುವ ಜಾಗ. ಹಗೇವು ದೊಡ್ಡದಿದ್ದು ಹಲಗೆ ಸಣ್ಣದಿದ್ದರೆ ಕಾಳು ಇದ್ದೂ ರೊಟ್ಟಿ ತಡ. ಪಾಠಕ್ಕೆ 4 ಮತ್ತು 64 ಇದ್ದರೆ ಸಾಕು. 2 ಇದ್ದರೆ ಬೇಡ ಅನ್ರಿ.

ಆಮೇಲೆ ಸಿಮ್. ಇದನ್ನು ಮರೆಯಬೇಡ್ರಿ. ಕೆಲವು ಟ್ಯಾಬ್‌ಗೆ ಸಿಮ್ ಹಾಕಬಹುದು. ಕೆಲವು ಬರೀ ವೈಫೈ ಮೇಲೆ ನಡೆಯುತ್ತವೆ. ಪೇಟೆಯ ಕೆಲವು ಮನೆಗಳಲ್ಲಿ ವೈಫೈ ಇರುತ್ತದೆ. ನಮ್ಮ ಹಳ್ಳಿ ಮನೆಯಲ್ಲಿ ಎಲ್ಲಿಂದ? ಬರೀ ವೈಫೈ ಟ್ಯಾಬ್ ತಂದರೆ ಪಕ್ಕದಲ್ಲಿ ಇಂಟರ್ನೆಟ್ ಫೋನ್ ಇರಲೇಬೇಕು. ಆ ಫೋನ್ ಯಜಮಾನರ ಕಿಸೆಯಲ್ಲಿ ಹೊಲಕ್ಕೆ ಹೋಗಿರುತ್ತದೆ. ಹಿರೇಕೆರೂರ ಕಡೆಯ ಒಬ್ಬ ತಂಗಿ ಹೇಳಿದರು: “ಅಪ್ಪ ಗ್ವಾಂಜೋಳದ ಹೊಲದಾಗ, ಮಗಳು ಮನಿಯಾಗ, ಟ್ಯಾಬ್ ಟ್ರಂಕಿನಾಗ!”

ಯಾವ ಕಂಪನಿಯ ಸಿಗ್ನಲ್ ನಿಮ್ಮ ಮನೆಯ ಒಳಗೆ ಬರುತ್ತದೆ? ಕಟ್ಟೆಯ ಮೇಲಲ್ಲ, ಮನೆಯ ಒಳಗೆ. ಅದನ್ನು ಮೊದಲೇ ನೋಡಿರಿ. ಸಿಗ್ನಲ್‌ಗಾಗಿ ಹೆಣ್ಣುಮಗು ಸಂಜೆ ದಿಬ್ಬ ಹತ್ತುವಂತೆ ಆಗಬಾರದು.

ಪರದೆಯನ್ನು ಇಂಚಿನಲ್ಲಿ ಅಳೆಯುತ್ತಾರೆ, ಮೂಲೆಯಿಂದ ಎದುರು ಮೂಲೆಗೆ. 10 ಇಂಚಿನ ಪರದೆಯಲ್ಲಿ ಪುಸ್ತಕದ ಹಾಳೆ ಹೆಚ್ಚುಕಡಿಮೆ ಪೂರ್ತಿ ಕಾಣುತ್ತದೆ. 8 ಇಂಚಿನಲ್ಲಿ ಅಕ್ಷರ ಸಣ್ಣ. ಬ್ಯಾಟರಿಗೆ 5000, 7000 ಅಂತ ಅಂಕಿ ಇರುತ್ತವೆ. ಅಂಕಿ ಹೆಚ್ಚಿದ್ದಷ್ಟು ಹೊತ್ತು ಹೆಚ್ಚು. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆಯೋ, ನಿಮಗೆ ಗೊತ್ತೇ ಇದೆ. ಡಬ್ಬಿಯ ಮೇಲೆ ತಯಾರಾದ ತಿಂಗಳು, ವರ್ಷವೂ ಇರುತ್ತದೆ. ಎರಡು ವರ್ಷಕ್ಕಿಂತ ಹಳೆಯದಿದ್ದರೆ ಬಿಡ್ರಿ. ಹಳೆಯ ಟ್ಯಾಬ್‌ನಲ್ಲಿ ಹೊಸ ಆ್ಯಪ್‌ಗಳು ಬರಬರುತ್ತ ನಿಂತುಬಿಡುತ್ತವೆ.

ಅಂಗಡಿಗೆ ಹೋಗುವಾಗ ಎರಡು ವಸ್ತು ಚೀಲದಲ್ಲಿ ಇಟ್ಟುಕೊಳ್ರಿ. ನಿಮ್ಮ ಸಿಮ್. ಮಗುವಿನ ವಿಜ್ಞಾನ ಪುಸ್ತಕ. ಮಗಳನ್ನೂ ಕರೆದೊಯ್ಯಿರಿ. ಸಿಮ್ ಹಾಕಿಸಿರಿ. ದೀಕ್ಷಾ ತೆರೆಸಿರಿ. ಪುಸ್ತಕದ ಕಪ್ಪು ಚೌಕ ಹಿಡಿದು ತೋರಿಸಿರಿ. ಕ್ಯಾಮೆರಾ ಅದನ್ನು ಓದುತ್ತದೆಯೇ? ಪಾಠ ತಡೆಯದೇ ನಡೆಯುತ್ತದೆಯೇ? ಧ್ವನಿ ಕೇಳುತ್ತದೆಯೇ? ಅಂಗಡಿಯವರು ಅವಸರ ಮಾಡಿದರೆ ಮಾಡಲಿ. ರೊಕ್ಕ ನಿಮ್ಮದು.

ಬೆಂಡ್ವಾಲಿಯ ಮಾತು ಕೇಳಿದ ಆ ಅಕ್ಕ ಏನು ಮಾಡಿದರು? ಅಡವಿಡಲಿಲ್ಲ. ಮಗಳು ಎರಡು ತಿಂಗಳು ಮನೆಯ ಫೋನಿನಲ್ಲೇ ಓದಿದಳು. ಭತ್ತ ಮಾರಿದ ಮೇಲೆ ತಾಯಿ ಮಗಳು ಅಂಗಡಿಗೆ ಹೋದರು. ಅಂಗಡಿಯ ಹುಡುಗ “4 ಜಿಬಿ ಐತಿ, ಒಯ್ರಿ” ಅಂದ. ಅಕ್ಕ ಡಬ್ಬಿ ತಿರುಗಿಸಿದರು. ಬೆರಳು ಇಟ್ಟು ಓದಿದರು. “ಇಲ್ಲಿ 2 ಅಂತ ಐತಲ್ಲಪಾ?” ಅಂದರು. ಹುಡುಗ ಒಳಗೆ ಹೋಗಿ ಬೇರೆ ಡಬ್ಬಿ ತಂದ. ಈ ಮಾತನ್ನು ಅವರು ಕೇಂದ್ರದಲ್ಲಿ ಮೂರು ಸಲ ಹೇಳಿದರು. ನಾವು ಮೂರು ಸಲವೂ ಕೇಳಿದೆವು.

ಬಿಲ್ ತಗೊಳ್ರಿ. ಡಬ್ಬಿಯ ಮೇಲೆ ಎಂಆರ್‌ಪಿ ಇರುತ್ತದೆ. ತೆರಿಗೆ ಅದರಲ್ಲೇ ಸೇರಿದೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕಡಿಮೆ ಮಾಡ್ರಿ ಅಂತ ನೀವು ಕೇಳಬಹುದು. ಸಿಮ್ ಇರುವ ಟ್ಯಾಬ್‌ಗೆ 15 ಅಂಕಿಯ ಒಂದು ನಂಬರು ಇರುತ್ತದೆ. ಡಬ್ಬಿಯ ಮೇಲೂ ಅದೇ, ಬಿಲ್ಲಿನ ಮೇಲೂ ಅದೇ ಇರಬೇಕು. ಒಂದೊಂದೇ ಅಂಕಿ ಬೆರಳಿಟ್ಟು ಕೂಡಿಸಿ ನೋಡಿರಿ. ವಾರಂಟಿ ಎಷ್ಟು ತಿಂಗಳು ಅಂತ ಬರೆಸಿಕೊಳ್ರಿ. ಮೋಸ ಆದರೆ 1915 ನಂಬರಿಗೆ ಫೋನ್ ಮಾಡಬಹುದು. ಅದು ಗ್ರಾಹಕರ ಸಹಾಯವಾಣಿ. ಹಾವೇರಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದ ಒಳಗಿನ ವಸ್ತುವಿಗೆ ಅಲ್ಲಿ ದೂರು ಕೊಡಲು ಶುಲ್ಕ ಇಲ್ಲ. ಬಿಲ್ ಮಾತ್ರ ಬೇಕು.

ಕಂತಿನ ಮಾತು ಬಂದರೆ ಲೆಕ್ಕ ಹಾಕ್ರಿ. ಒಂದು ಉದಾಹರಣೆ ನೋಡೋಣ. ಕೈಯಲ್ಲಿ ಕೊಟ್ಟರೆ ಬೆಲೆ 12,000 ರೂಪಾಯಿ. ಕಂತಿನಲ್ಲಿ ತಿಂಗಳಿಗೆ 1,150, ಹನ್ನೆರಡು ತಿಂಗಳು. ಮೊದಲೇ ಫೈಲ್ ಖರ್ಚು 500. ಹನ್ನೆರಡು ಕಂತು ಕೂಡಿದರೆ 13,800. ಖರ್ಚು ಸೇರಿ 14,300. ಹೆಚ್ಚಿಗೆ ಹೋದದ್ದು 2,300 ರೂಪಾಯಿ. ಅದು ನಿಮ್ಮ ಎಷ್ಟು ದಿನದ ಕೂಲಿ? “ಬಡ್ಡಿ ಇಲ್ಲ” ಅಂದರೂ ಕೂಡಿಸಿ ನೋಡಿರಿ. ಸಂಘದ ಉಳಿತಾಯದಿಂದ ಸಾಲ ತಗೊಂಡರೆ ಬಡ್ಡಿ ಸಂಘಕ್ಕೇ ಬರುತ್ತದೆ. ನಾಲ್ಕು ತಿಂಗಳು ಕಾದು ಕೂಡಿಡುವುದು ಅದಕ್ಕಿಂತ ಚಲೋ.

ಟ್ಯಾಬ್ ಮನೆಗೆ ಬಂತು ಅನ್ರಿ. ಯಾರ ಕೈಗೆ ಹೋಗುತ್ತದೆ? ಇದನ್ನು ಹೇಳದೇ ಈ ಪಾಠ ಮುಗಿಸಲು ನಮಗೆ ಮನಸ್ಸಿಲ್ಲ. 2020ರಲ್ಲಿ ಮನೆಗೆ ಒಂದೇ ಫೋನ್ ಇದ್ದ ಕಡೆ ಅದು ಹೆಚ್ಚಾಗಿ ಮಗನ ಕೈಗೆ ಹೋದದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. ಮಗಳು ರೊಟ್ಟಿ ಬಡಿದು, ಮುಸುರೆ ತೊಳೆದು ಬರುವಷ್ಟರಲ್ಲಿ ಪಾಠ ಮುಗಿದಿರುತ್ತಿತ್ತು. ಕೆಲವರು ಮತ್ತೆ ಶಾಲೆಗೆ ಬರಲೇ ಇಲ್ಲ. ಮದುವೆ ಆಗಿಹೋಗಿತ್ತು. ಆದ್ದರಿಂದ ಸವಣೂರಿನ ಕೇಂದ್ರದ ಗೆಳತಿಯರು ಒಂದು ಕೆಲಸ ಮಾಡಿದರು. ಒಂದು ಹಾಳೆಯಲ್ಲಿ ವೇಳಾಪಟ್ಟಿ ಬರೆದು ಗೋಡೆಗೆ ಹಚ್ಚಿದರು. ಸಂಜೆ 6ರಿಂದ 7 ಮಗಳದು. 7ರಿಂದ 8 ಮಗನದು. ಆ ಹೊತ್ತಿನಲ್ಲಿ ಮಗಳಿಗೆ ಕೆಲಸ ಹೇಳುವಂತಿಲ್ಲ. ಮುಸುರೆ ಯಾರು ತೊಳೆಯಬೇಕು? ಒಂದು ದಿನ ಮಗ ತೊಳೆಯಲಿ!

ಟ್ಯಾಬ್ ಪಡಸಾಲೆಯಲ್ಲಿ, ನಿಮ್ಮ ಕಣ್ಣೆದುರಿಗೆ ಇರಲಿ. ಇಪ್ಪತ್ತು ನಿಮಿಷ ನೋಡಿದ ಮೇಲೆ ಮಗು ತಲೆ ಎತ್ತಿ ದೂರದ ಮರ ನೋಡಲಿ. ಕಣ್ಣಿಗೆ ಒಳ್ಳೆಯದು. ರಾತ್ರಿ ಹಾಸಿಗೆಗೆ ಬೇಡ. ಫೋನಿಗೆ ಬಂದ ಓಟಿಪಿ ಅಂಕಿಯನ್ನು ಯಾರು ಕೇಳಿದರೂ ಹೇಳಬೇಡ್ರಿ. ಹೇಳಿ ರೊಕ್ಕ ಹೋದರೆ ತಡ ಮಾಡದೇ 1930ಕ್ಕೆ ಫೋನ್ ಮಾಡ್ರಿ.

ಮಾಡಿ ನೋಡಿರಿ

ಮುಂದಿನ ಪಾಠಕ್ಕೆ ಬರುವಾಗ ಮನೆಯಲ್ಲಿರುವ ಯಾವುದಾದರೂ ಫೋನಿನ ಡಬ್ಬಿ ತರ್ರಿ. ಅದರ ಮೇಲಿನ ಎರಡು ಜಿಬಿ ಅಂಕಿ ಬರೆಯಿರಿ. ತಯಾರಾದ ತಿಂಗಳು, ವರ್ಷ ಬರೆಯಿರಿ. ಹೊಲಿಗೆಯ ಟೇಪಿನಿಂದ ಫೋನಿನ ಪರದೆ ಅಳೆಯಿರಿ, ಮೂಲೆಯಿಂದ ಮೂಲೆಗೆ. 15 ಅಂಕಿಯ ನಂಬರನ್ನು ಒಬ್ಬರು ಓದಿ ಹೇಳಲಿ, ಇನ್ನೊಬ್ಬರು ಬಿಲ್ಲಿನಲ್ಲಿ ನೋಡಲಿ. ಡಬ್ಬಿ ಸಿಗದವರು ಬೀಜದ ಚೀಲವನ್ನೋ ಔಷಧದ ಬಾಟಲಿಯನ್ನೋ ತರ್ರಿ.