ಯಾನಾ ನೊವೊಟ್ನಾಳ ಕಣ್ಣೀರು

ಆಟದಲ್ಲಿ ಸೋತು ಅಳುವುದು ಹೇಡಿತನವೇ ಎಂದು ನಮ್ಮ ಬಾಲಿಕೆಯರು ಕೇಳುವುದುಂಟು. ಜೆಕ್ ದೇಶದ ಯಾನಾ ನೊವೊಟ್ನಾ ಎಂಬಾಕೆಯ ವೃತ್ತಾಂತವನ್ನು ನೋಡೋಣ. ಟೆನಿಸ್ ಆಟವೇ ಆಕೆಯ ವೃತ್ತಿಯಾಗಿತ್ತು. 1993ನೆಯ ಇಸವಿಯ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಆಕೆಯು ಜರ್ಮನಿಯ ಸ್ಟೆಫಿ ಗ್ರಾಫಳೆದುರು ಮೂರನೆಯ ಸೆಟ್ಟಿನಲ್ಲಿ 4-1ರಿಂದ ಮುಂದಿದ್ದಳು. ಇನ್ನೊಂದು ಅಂಕ ದೊರೆತಿದ್ದರೆ 5-1 ಆಗುತ್ತಿತ್ತು. ಆಗಲೇ ಎರಡು ಸರ್ವೀಸುಗಳೂ ತಪ್ಪಿದವು. ಕೈ ಸೋತಿತೆನ್ನುವುದಕ್ಕಿಂತ ಮನಸ್ಸು ನಡುಗಿತೆಂದೇ ನಮ್ಮೆಣಿಕೆ. ಮರೆಯಲಾರದ ತಪ್ಪು ಮುಂದಿನ ಹೊಡೆತವನ್ನೂ ಕೆಡಿಸುವುದು. ಗ್ರಾಫಳು ಸತತವಾಗಿ ಐದು ಗೇಮುಗಳನ್ನು ಗೆದ್ದಳು. ಪಾರಿತೋಷಕ ಪ್ರದಾನದ ವೇಳೆಯಲ್ಲಿ ಯಾನಾ ಕೆಂಟಿನ ಡಚೆಸ್‌ರವರ ಹೆಗಲಿಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. ಇದನ್ನು ನಾವು ಹೇಡಿತನವೆನ್ನಲಾರೆವು, ಏಕೆಂದರೆ ಆಕೆ ಆಟವನ್ನು ಬಿಡಲಿಲ್ಲ. 1997ರಲ್ಲಿ ಅಂತಿಮ ಪಂದ್ಯದಲ್ಲಿ ಪುನಃ ಸೋತು, 1998ರಲ್ಲಿ ಗೆದ್ದಳು. ಅಂದು ಬಹುಮಾನವನ್ನು ಕೊಟ್ಟವರು ಅದೇ ಡಚೆಸ್‌ರವರು.